ಬೆಳಗ್ಗೆ ಕೆರೆ, ಆಮೇಲೆ ಕಾಲೇಜು: ಮೊದಲ ಬೈನಾಕ್ಯುಲರ್ ತಗೊಳ್ಳಲಾ?

ಚೆಂಡುಹೂವು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಬಿಎಸ್‌ಸಿ ಎರಡನೇ ವರ್ಷ ಓದುತ್ತಿದ್ದೇನೆ. ಊರು ಗುಂಡ್ಲುಪೇಟೆ ಕಡೆ, ಇಲ್ಲಿ ಹಾಸ್ಟೆಲ್. ಹಕ್ಕಿ ನೋಡೋದರ ಬಗ್ಗೆ ಒಂದು ಪ್ರಶ್ನೆ ಕೇಳೋಣ ಅಂತ ಬಂದೆ, ಆದರೆ ನನ್ನ ದಿನ ಹೇಗಿರುತ್ತೆ ಅಂತ ಹೇಳದೆ ಕೇಳಿದರೆ ಸರಿಯಾದ ಉತ್ತರ ಸಿಗಲ್ಲ ಅನಿಸಿತು. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

5:15ಕ್ಕೆ ಅಲಾರಂ. ರೂಮಿನಲ್ಲಿ ಇನ್ನೂ ಮೂವರಿದ್ದಾರೆ, ಅದಕ್ಕೆ ಫೋನ್ ದಿಂಬಿನ ಕೆಳಗೆ ಇಟ್ಟು ಮಲಗುತ್ತೇನೆ. ಮುಖ ತೊಳೆದು ಸ್ವೆಟರ್ ಹಾಕಿ ಹೊರಟರೆ ಬೆಳಕು ಬಿಡುವ ಹೊತ್ತಿಗೆ ಕುಕ್ಕರಹಳ್ಳಿ ಕೆರೆ. ಅಲ್ಲಿ ಒಂದೂವರೆ ಗಂಟೆ. 8:30ಕ್ಕೆ ಹಾಸ್ಟೆಲ್ ತಿಂಡಿ ಮುಗಿಯುತ್ತೆ, ಅಷ್ಟರಲ್ಲಿ ವಾಪಸ್ ಬರಲೇಬೇಕು. 9:30ಕ್ಕೆ ಕ್ಲಾಸ್, ಮಧ್ಯಾಹ್ನ ಪ್ರಾಕ್ಟಿಕಲ್, ಸಂಜೆ ರೆಕಾರ್ಡ್ ಬರೆಯೋದು, ಇಬ್ಬರು ಮಕ್ಕಳಿಗೆ ಟ್ಯೂಷನ್, ರಾತ್ರಿ ಒಂಬತ್ತಕ್ಕೆ ಅವ್ವನಿಗೆ ಫೋನ್. ಭಾನುವಾರ ಮಾತ್ರ ನನ್ನ ಕೈಯಲ್ಲಿ. ಶಕ್ತಿ ಯೋಜನೆ ಇರುವುದರಿಂದ ಶ್ರೀರಂಗಪಟ್ಟಣದವರೆಗೆ ಬಸ್ಸಿಗೆ ದುಡ್ಡಿಲ್ಲ, ಅಲ್ಲಿಂದ ರಂಗನತಿಟ್ಟಿಗೆ ಆಟೋ ಶೇರ್ ಮಾಡಿಕೊಂಡು ಹೋಗುತ್ತೇವೆ. ಇಲ್ಲ ಅಂದರೆ ಲಿಂಗಾಂಬುಧಿ ಕೆರೆ.

ಹೋದ ವರ್ಷ ಫೆಬ್ರವರಿವರೆಗೆ ನನಗೆ ಹಕ್ಕಿ ಅಂದರೆ ಕಾಗೆ, ಗೊರವಂಕ, ಪಾರಿವಾಳ, ಕೊಕ್ಕರೆ ಅಷ್ಟೇ. ಬಿಳಿ ಇದ್ದದ್ದೆಲ್ಲ ಕೊಕ್ಕರೆ. ಕ್ಯಾಂಪಸ್ ಹಕ್ಕಿ ಎಣಿಕೆ ಅಂತ ನಡೆಯುತ್ತಲ್ವಾ, ಒಂದೇ ಜಾಗದಲ್ಲಿ ಕನಿಷ್ಠ 15 ನಿಮಿಷ ನಿಂತು ಕಂಡದ್ದನ್ನೆಲ್ಲ ಎಣಿಸಿ ಇ-ಬರ್ಡ್ ಅನ್ನುವ ಹಕ್ಕಿ ಪಟ್ಟಿಯ ವೆಬ್‌ಸೈಟಿಗೆ ಹಾಕೋದು, ಅದಕ್ಕೆ ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ಕರೆದುಕೊಂಡು ಹೋಗಿದ್ದರು. ದಿನಾ ಓಡಾಡುವ ಕಾಂಪೌಂಡಿನಲ್ಲೇ 19 ಜಾತಿ ಸಿಕ್ಕಿದವು. ಅವತ್ತು ನನಗೆ ನಿದ್ದೆ ಬರಲಿಲ್ಲ, ನಿಜವಾಗಿ.

ಆಮೇಲೆ ಜೂನ್‌ನಲ್ಲಿ ಹಾಸ್ಟೆಲ್ ಹಿಂದಿನ ಅತ್ತಿ ಗಿಡದಲ್ಲಿ ಸೀನಿಯರ್ ಅಕ್ಕ ಒಬ್ಬರು ಎರಡು ಎಲೆ ತೋರಿಸಿದರು. ದೂರದಿಂದ ನೋಡಿದರೆ ಸುಮ್ನೆ ಅಂಟಿಕೊಂಡ ಎಲೆ. ಹತ್ತಿರ ಹೋದರೆ ಅಂಚಿನ ಉದ್ದಕ್ಕೂ ಸೂಜಿಯಲ್ಲಿ ಚುಚ್ಚಿದ ಹಾಗೆ ತೂತು, ಪ್ರತಿ ತೂತಿನಲ್ಲೂ ಜೇಡರ ಬಲೆ, ಹತ್ತಿಯ ಎಳೆ, ಹೊರಗಡೆ ಅದರ ತುದಿ ಬಿಳಿ ಉಂಡೆಯ ಹಾಗೆ ಉಬ್ಬಿಕೊಂಡಿತ್ತು. ಗಂಟಲ್ಲ ಅದು, ಎಳೆ ಜಾರದ ಹಾಗೆ ಅಗಲ ಮಾಡಿ ಬಿಟ್ಟಿರೋದು. ಸಿಂಪಿಗ ಹಕ್ಕಿಯ ಗೂಡು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಹಕ್ಕಿ, ಕೊಕ್ಕಿನಲ್ಲೇ ಹೊಲಿದಿದೆ. ನಮ್ಮವ್ವ ಹೊಲಿಗೆ ಮಾಡುತ್ತಾರೆ, ಅವರಿಗೆ ಫೋಟೋ ಕಳಿಸಿದರೆ "ಕಾಜಾ ಹೊಲಿದ ಹಾಗಿದೆ ಕಣವ್ವ" ಅಂದರು.

ಈಗ ನನ್ನ ಇಷ್ಟದ ವಸ್ತುಗಳು ಕೇಳಿದರೆ: ದೇವರಾಜ ಮಾರುಕಟ್ಟೆ ಹತ್ತಿರ ತಗೊಂಡ ಇಪ್ಪತ್ತು ರೂಪಾಯಿಯ ಪುಟ್ಟ ನೋಟ್‌ಬುಕ್, ಒಂದು ಪೆನ್ಸಿಲ್ (ಮಂಜಿನಲ್ಲಿ ಪೆನ್ನಿನ ಶಾಯಿ ಹರಡುತ್ತೆ), ಕೆರೆಯಿಂದ ಬರುವಾಗ ಕುಡಿಯುವ ಟೀ, ಮತ್ತು ಹಾವಕ್ಕಿ. ಹಾವಕ್ಕಿಯನ್ನು ಎಷ್ಟು ನೋಡಿದರೂ ಸಾಕಾಗಲ್ಲ. ಮೈಯೆಲ್ಲ ನೀರಿನೊಳಗೆ, ಕತ್ತು ಮಾತ್ರ ಮೇಲೆ. ಮುಳುಗಿ ಎದ್ದಾಗ ಮೀನು ಕೊಕ್ಕಿನ ತುದಿಗೆ ಚುಚ್ಚಿಕೊಂಡಿರುತ್ತೆ. ಅದನ್ನು ಒಂದು ಸಲ ಗಾಳಿಗೆ ಎಸೆದು ತಲೆ ಕಡೆಯಿಂದ ಬಾಯಿಗೆ ಹಾಕಿಕೊಳ್ಳುತ್ತೆ.

ಈಗ ಪ್ರಶ್ನೆ. ಇಲ್ಲಿವರೆಗೆ ಬರೀ ಕಣ್ಣು ಮತ್ತು ಆ ಅಕ್ಕ ಬಂದ ದಿನ ಅವರ ಬೈನಾಕ್ಯುಲರ್. ಅವರು ಓದು ಮುಗಿಸಿ ಹೊರಟರು. ಟ್ಯೂಷನ್ ಮತ್ತು ಸ್ಕಾಲರ್‌ಶಿಪ್‌ನಲ್ಲಿ ಉಳಿಸಿ ಏಳು ಸಾವಿರದ ಹತ್ತಿರ ಕೂಡಿಟ್ಟಿದ್ದೇನೆ. 8x42, 10x42, 10x25, ಜೂಮ್ ಇರೋದು, ಏನು ವ್ಯತ್ಯಾಸ? ಬೈನಾಕ್ಯುಲರ್ ಇಲ್ಲದೆ ಮುಂದೆ ಕಲಿಯೋಕೆ ಆಗುತ್ತಾ? ಇನ್ನೊಂದು, ಮುಂದಿನ ವರ್ಷ ಕೊನೆಯ ವರ್ಷ, ಎಂಎಸ್‌ಸಿ ಪ್ರವೇಶ ಪರೀಕ್ಷೆ ಬರೆಯಬೇಕು. ಅಪ್ಪ "ಹಕ್ಕಿ ನೋಡೋಕೆ ಏಳು ಸಾವಿರವಾ?" ಅಂದರು. ಬೈದದ್ದಲ್ಲ, ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಮನೆಯಲ್ಲಿ ಹೇಗೆ ಹೇಳಿದಿರಿ? ಓದು ಮತ್ತು ಇದು, ಎರಡನ್ನೂ ಹೇಗೆ ನಡೆಸಿದಿರಿ?

---

ಹಳೇಬ್ಯಾಗು ಬರೆದದ್ದು:

ನಾನೂ ಮೈಸೂರಿನವನೇ ತಂಗಿ. ಇಪ್ಪತ್ತು ವರ್ಷದಿಂದ ಅದೇ ಕೆರೆ ಸುತ್ತುತ್ತಿದ್ದೇನೆ. ಮೊದಲು ಬೈನಾಕ್ಯುಲರ್ ವಿಷಯ ಮುಗಿಸುತ್ತೇನೆ.

8x42 ತಗೋ. ಮೊದಲಿನ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತೆ ಅನ್ನೋದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ನಿನ್ನ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಳತೆ ಸಿಗುತ್ತೆ. 8x42ಕ್ಕೆ 5.25 ಮಿಮೀ, 10x42ಕ್ಕೆ 4.2, 10x25ಕ್ಕೆ ಬರೀ 2.5. ಮಧ್ಯಾಹ್ನದ ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ ಚಿಕ್ಕದಾಗಿರುತ್ತೆ, ಆಗ ಯಾವುದಾದರೂ ನಡೆಯುತ್ತೆ. ನೀನು ಹೋಗೋದು ಬೆಳಗಾಗುವ ಹೊತ್ತಿಗೆ. ಆ ಮಬ್ಬಿನಲ್ಲಿ 10x25 ಹಿಡಿದರೆ ಎಲ್ಲ ಹಕ್ಕಿಯೂ ಕಪ್ಪಾಗೇ ಕಾಣುತ್ತೆ. ಹತ್ತು ಪಟ್ಟು ಅಂದರೆ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಕೈ ನಡುಗೋದೂ ಹತ್ತು ಪಟ್ಟಾಗುತ್ತೆ. ಎಂಟರಲ್ಲಿ ಕಾಣುವ ಜಾಗವೂ ಅಗಲ, ಎಲೆಗಳ ಮಧ್ಯೆ ಹಾರಾಡುವ ಸಣ್ಣ ಹಕ್ಕಿಯನ್ನು ಬೇಗ ಹಿಡಿಯಬಹುದು.

ಜೂಮ್ ಇರೋದನ್ನು ಮುಟ್ಟಲೇಬೇಡ. ಡಬ್ಬಿ ಮೇಲೆ 70, 100 ಅಂತೆಲ್ಲ ಬರೆದಿರುತ್ತೆ. ನಾನು ಮೊದಲ ಸಲ ಅಂಥದ್ದನ್ನೇ ತಂದು ಎರಡು ವರ್ಷ ತಲೆನೋವು ತಂದುಕೊಂಡೆ. ಎರಡು ಕಣ್ಣಿಗೂ ಒಂದೇ ಚಿತ್ರ ಬರುತ್ತಿರಲಿಲ್ಲ.

ನಿನ್ನ ದುಡ್ಡಿಗೆ ಪೋರೋ ಮಾದರಿಯದು ನೋಡು, ಮುಂದಿನ ಗಾಜು ಅಗಲಕ್ಕೆ ಹೊರಗೆ ಚಾಚಿಕೊಂಡಿರುತ್ತಲ್ಲ, ಹಳೆ ಕಾಲದ ಆಕಾರ. ನೇರ ಕೊಳವೆಯಂಥ ರೂಫ್ ಮಾದರಿ ಹಗುರ, ಚೆನ್ನಾಗಿ ಕೈಗೆ ಕೂರುತ್ತೆ, ಆದರೆ ಅದರಲ್ಲಿ ಒಳ್ಳೆಯದು ಬೇಕು ಅಂದರೆ ದುಡ್ಡು ಮೇಲೆ ಹೋಗುತ್ತೆ. ಕಡಿಮೆ ಬೆಲೆಯಲ್ಲಿ ಪೋರೋನೇ ಚೊಕ್ಕ ಚಿತ್ರ ಕೊಡುತ್ತೆ. ಕನ್ನಡಕ ಹಾಕುತ್ತೀಯಾ? ಹಾಗಿದ್ದರೆ ಐ ರಿಲೀಫ್ ಅಂತ ಬರೆದಿರೋದು, ಅಂದರೆ ಗಾಜಿನಿಂದ ಕಣ್ಣು ಎಷ್ಟು ದೂರ ಇದ್ದರೂ ಪೂರ್ತಿ ಚಿತ್ರ ಕಾಣುತ್ತೆ ಅನ್ನೋದು, 15 ಮಿಮೀಗಿಂತ ಜಾಸ್ತಿ ಇರಲಿ, ಇಲ್ಲದಿದ್ದರೆ ಸುತ್ತ ಕಪ್ಪು ಬಳೆ ಕಾಣುತ್ತೆ.

ಆನ್‌ಲೈನ್‌ನಲ್ಲಿ ಕಣ್ಣು ಮುಚ್ಚಿ ತರಿಸಬೇಡ. ಅಂಗಡಿಗೆ ಹೋಗು. ತೋಳು ಚಾಚಿ ಬೆಳಕಿನ ಕಡೆ ಹಿಡಿದು ಕಣ್ಣಿಡುವ ಗಾಜನ್ನು ನೋಡು, ಬೆಳಕಿನ ವೃತ್ತ ದುಂಡಗಿರಬೇಕು, ಅಂಚಿನಲ್ಲಿ ಚೌಕ ಕತ್ತರಿಸಿದ ಹಾಗೆ ಇರಬಾರದು. ಬೀದಿಯಾಚೆಯ ಬೋರ್ಡಿನ ಅಕ್ಷರ ಓದು. ಒಂದು ನಿಮಿಷ ಬಿಡದೆ ನೋಡಿ ತೆಗೆದಾಗ ಕಣ್ಣು ಎಳೆದ ಹಾಗೆ ಆದರೆ ಅದು ಬೇಡ, ಇನ್ನೊಂದು ಕೇಳು.

ತಂದ ಮೇಲೆ ಇನ್ನೊಂದು ಕೆಲಸ ಇದೆ, ಇದನ್ನು ಯಾರೂ ಹೇಳಿಕೊಡಲ್ಲ. ಬಲಗಣ್ಣಿನ ಹತ್ತಿರ ಒಂದು ಬಳೆ ತಿರುಗುತ್ತೆ. ಬಲಗಡೆ ಮುಚ್ಚಿ, ಎಡಗಣ್ಣಿನಿಂದ ನೋಡುತ್ತಾ ಮಧ್ಯದ ಚಕ್ರ ತಿರುಗಿಸಿ ಚೊಕ್ಕ ಮಾಡಿಕೋ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ ಆ ಬಳೆ ತಿರುಗಿಸಿ ಬಲಗಣ್ಣಿಗೆ ಚೊಕ್ಕ ಮಾಡು. ಒಂದು ಸಲ ಮಾಡಿದರೆ ಆಯಿತು, ಆ ಗುರುತು ನೆನಪಿಟ್ಟುಕೋ. ಎಷ್ಟೋ ಜನ ಇದನ್ನು ಮಾಡದೆ "ನನ್ನದು ಮಸುಕು" ಅಂತ ಮಾರಿಬಿಡುತ್ತಾರೆ.

ನನ್ನ ಹತ್ತಿರ ಹಳೆಯ 8x40 ಒಂದಿದೆ. ಭಾನುವಾರ ಬೆಳಗ್ಗೆ ನಮ್ಮ ಗುಂಪು ಅದೇ ಕೆರೆಗೆ ಬರುತ್ತೆ, ಹೆಂಗಸರೂ ಮಕ್ಕಳೂ ಇರುತ್ತಾರೆ, ಕೊರಳಲ್ಲಿ ಬೈನಾಕ್ಯುಲರ್ ಇರೋದರಿಂದ ಗುರುತು ಸಿಗುತ್ತೆ. ಗೆಳತಿಯರನ್ನೂ ಕರೆದುಕೊಂಡು ಬಾ. ಎರಡು ವಾರ ಅದನ್ನು ಇಟ್ಟುಕೊಂಡು ನೋಡು, ಆಮೇಲೆ ದುಡ್ಡು ಹಾಕು.

---

ಧಾರವಾಡ್_ಮಳಿ ಬರೆದದ್ದು:

ನಾನು ಧಾರವಾಡದಲ್ಲಿ ಬಿಎ ಕೊನೆಯ ವರ್ಷ. ಮೂರು ವರ್ಷ ಆಯಿತು, ನನ್ನ ಹತ್ತಿರ ಬೈನಾಕ್ಯುಲರ್ ಇಲ್ಲ. 140 ಜಾತಿ ಬರೆದಿಟ್ಟಿದ್ದೇನೆ. ಹಾಗಾಗಿ ಇಲ್ಲದೆ ಆಗುತ್ತಾ ಅಂದರೆ, ಆಗುತ್ತೆ. ದೂರದ ಬಾತುಕೋಳಿ, ಗಿಡುಗ ಎಲ್ಲ ಕೈ ತಪ್ಪುತ್ತವೆ, ಅದು ನಿಜ. ಆದರೆ ಕಿವಿ ಬಹಳ ಕಲಿಯುತ್ತೆ.

ಚಳಿಗಾಲದಲ್ಲಿ ಪೊದೆಯೊಳಗಿಂದ ಚಕ್, ಚಕ್ ಅಂತ ಕಲ್ಲಿಗೆ ಕಲ್ಲು ಬಡಿದ ಹಾಗೆ ಸದ್ದು ಬರುತ್ತಲ್ಲ, ಅದು ಉಲಿಯಕ್ಕಿ, ಬ್ಲೈತ್ಸ್ ರೀಡ್ ವಾರ್ಬ್ಲರ್. ಹಕ್ಕಿ ಹೊರಗೆ ಬರೋದೇ ಅಪರೂಪ, ಬಂದರೂ ಬರೀ ಕಂದು, ಗುರುತು ಹಿಡಿಯೋಕೆ ಏನೂ ಇಲ್ಲ. ಅದೇ ಮೇಲೆ ಮರದ ತುದಿಯಲ್ಲಿ ಚಿ-ಸ್ಲೀ ಅಂತ ಎರಡು ತುಂಡಾಗಿ ಕೂಗಿದರೆ ಅದು ಹಸಿರು ಉಲಿಯಕ್ಕಿ. ಇವೆರಡೂ ಸೆಪ್ಟೆಂಬರ್ ಸುಮಾರಿಗೆ ಉತ್ತರದಿಂದ ಬಂದು ಏಪ್ರಿಲ್‌ವರೆಗೆ ಇರುತ್ತವೆ. ಮರ್ಲಿನ್ ಆ್ಯಪ್ ಸದ್ದು ಕೇಳಿ ಹೆಸರು ತೋರಿಸುತ್ತೆ. ಅದನ್ನು ಹಾಕಿಕೋ, ಆದರೆ ಅದು ಹೇಳಿದ್ದನ್ನು ಹಾಗೇ ಬರೆದುಕೊಳ್ಳಬೇಡ. ಮೊದಲು ನೀನು ಊಹೆ ಮಾಡು, ಆಮೇಲೆ ಫೋನ್ ನೋಡು. ನಾನು ಮೊದಲ ವರ್ಷ ಫೋನನ್ನೇ ನಂಬಿ ಏನೂ ಕಲಿಯಲಿಲ್ಲ.

ಬಿಳಿ ಇದ್ದದ್ದೆಲ್ಲ ಕೊಕ್ಕರೆ ಅಂದಿಯಲ್ಲ, ನಾನು ಅಲ್ಲಿಂದಲೇ ಶುರು ಮಾಡಿದ್ದು. ಕಪ್ಪು ಕೊಕ್ಕು, ಕಪ್ಪು ಕಾಲು, ಪಾದ ಮಾತ್ರ ಹಳದಿ, ಚಪ್ಪಲಿ ಹಾಕಿದ ಹಾಗೆ, ಅದು ಚಿಕ್ಕ ಬೆಳ್ಳಕ್ಕಿ. ದನದ ಹಿಂದೆ ಓಡಾಡೋದು ಗೋವಕ್ಕಿ, ಗಿಡ್ಡ ಹಳದಿ ಕೊಕ್ಕು. ಕಷ್ಟ ಬರೋದು ಮಧ್ಯಮ ಮತ್ತು ದೊಡ್ಡ ಬೆಳ್ಳಕ್ಕಿಯಲ್ಲಿ. ಬಾಯಿಯ ಗೆರೆ ನೋಡು. ಕಣ್ಣಿನ ಕೆಳಗೇ ನಿಂತರೆ ಮಧ್ಯಮ, ಕಣ್ಣು ದಾಟಿ ಹಿಂದಕ್ಕೆ ಹೋದರೆ ದೊಡ್ಡದು. ಇದು ಗೊತ್ತಾದ ದಿನ ಕೆರೆ ದಂಡೆಯಲ್ಲಿ ನಾನು ಒಬ್ಬನೇ ನಕ್ಕುಬಿಟ್ಟಿದ್ದೆ, ಅಷ್ಟು ಖುಷಿ.

ಒಮ್ಮೆ ನಮ್ಮ ಕಡೆ ಬಾ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ. 2024ರಲ್ಲಿ ಅದಕ್ಕೆ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಕೆರೆ, ಜೌಗು ಪ್ರದೇಶಗಳ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಸಾವಿರಗಟ್ಟಲೆ ಒಂದೇ ಸಲ ಎದ್ದಾಗ ಬರುವ ಸದ್ದಿದೆಯಲ್ಲ, ಸಂತೆ ಅರ್ಧ ಮೈಲಿ ದೂರದಿಂದ ಕೇಳಿದ ಹಾಗೆ.

---

ಪತ್ತನಾಜೆ ಬರೆದದ್ದು:

ನನ್ನದು ಹಕ್ಕಿ ಅಲ್ಲ, ಯಕ್ಷಗಾನದ ಚೆಂಡೆ. ಪುತ್ತೂರು ಕಡೆಯವನು, ಇಂಜಿನಿಯರಿಂಗ್ ಮೂರನೇ ವರ್ಷ. ನಿಮ್ಮ ಕೊನೆಯ ಪ್ರಶ್ನೆ ಓದಿದ ಮೇಲೆ ಬರೆಯದೆ ಇರೋಕೆ ಆಗಲಿಲ್ಲ.

ನಮ್ಮಲ್ಲಿ ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಮೇ ಕೊನೆಗೆ ಪತ್ತನಾಜೆ ಅನ್ನುವ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಅಂದರೆ ಆಟ ಇರುವ ತಿಂಗಳುಗಳೆಲ್ಲ ನಮ್ಮ ಪರೀಕ್ಷೆಯ ತಿಂಗಳುಗಳೇ. ಮೊದಲ ವರ್ಷ ಕಂಡ ಕಂಡ ಆಟಕ್ಕೆ ಹೋದೆ. ಬೆಳಗಿನವರೆಗೆ ಕೂತು, ನಿದ್ದೆಗಣ್ಣಿನಲ್ಲಿ ಲ್ಯಾಬಿಗೆ ಬಂದು, ಕೊನೆಗೆ ಗಣಿತ ಪಾಸಾಗದೆ ಉಳಿಯಿತು. ಅಪ್ಪ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಕಷ್ಟ ಆದದ್ದು.

ಆಮೇಲೆ ಒಂದು ಬದಲಾವಣೆ ಮಾಡಿದೆ. ನೋಡೋದನ್ನು ಕಮ್ಮಿ ಮಾಡಿ ಕಲಿಯೋದನ್ನು ದಿನದ ಲೆಕ್ಕಕ್ಕೆ ತಂದೆ. ದಿನಾ ನಲವತ್ತು ನಿಮಿಷ, ರೂಮಿನಲ್ಲಿ ಮರದ ಹಲಗೆಗೆ ಬಟ್ಟೆ ಸುತ್ತಿ ಅದರ ಮೇಲೆ ಕೋಲಿನಲ್ಲಿ, ಏಕತಾಳ, ಝಂಪೆ, ರೂಪಕ, ತ್ರಿವುಡೆ. ಸದ್ದು ಪಕ್ಕದ ರೂಮಿಗೆ ಹೋಗಲ್ಲ. ಆಟಕ್ಕೆ ವಾರಕ್ಕೆ ಒಂದೇ, ಅದೂ ಕಾಲಮಿತಿಯದು ಸಿಕ್ಕರೆ ರಾತ್ರಿಯೇ ಮುಗಿಯುತ್ತೆ, ಬಂದು ಮಲಗಬಹುದು. ನಿಮ್ಮದು ನೋಡಿದರೆ ಈಗಾಗಲೇ ಹಾಗೇ ಇದೆ, ಬೆಳಗ್ಗೆ ಒಂದೂವರೆ ಗಂಟೆ, ತಿಂಡಿಗೆ ವಾಪಸ್. ಅದು ಓದನ್ನು ತಿನ್ನುತ್ತಿಲ್ಲ. ರಾತ್ರಿ ಹತ್ತೂವರೆಗೆ ಮಲಗುತ್ತೀರಾ ಅನ್ನೋದೊಂದೇ ಕೇಳಿಕೊಳ್ಳಿ. ನಿದ್ದೆ ಕಮ್ಮಿ ಆದರೆ ಎರಡೂ ಹೋಗುತ್ತವೆ. ಪರೀಕ್ಷೆಯ ಮೂರು ವಾರ ನಾನು ಹಲಗೆಯನ್ನೂ ಮುಟ್ಟಲ್ಲ, ಮೊದಲ ದಿನ ಕೈ ತುರಿಸುತ್ತೆ, ಆಮೇಲೆ ಸರಿಹೋಗುತ್ತೆ.

ಮನೆಯವರಿಗೆ ಹೇಳೋದು ಹೇಗೆ ಅಂದಿರಿ. ನಾನು ಹೇಳಲಿಲ್ಲ, ಕರೆದುಕೊಂಡು ಹೋದೆ. ನಮ್ಮ ಗುರುಗಳ ಎದುರು ಕೂತು ಬಾರಿಸಿದ್ದನ್ನು ಅಪ್ಪ ನೋಡಿದರು.

---

ಸೂರಕ್ಕಿ ಬರೆದದ್ದು:

ಚೆಂಡುಹೂವು, ನಾನು ಮೈಸೂರಿನಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಒಂದು ಲ್ಯಾಬಿನಲ್ಲಿದ್ದೇನೆ. ಎರಡೇ ಮಾತು.

ಒಂದು, ಬೆಳಕು ಬಿಡುವ ಮೊದಲು ಒಬ್ಬಳೇ ಹೊರಡಬೇಡ. ನಿನ್ನನ್ನು ಹೆದರಿಸೋಕೆ ಅಲ್ಲ. ಕಣ್ಣಿಗೆ ಬೈನಾಕ್ಯುಲರ್ ಇಟ್ಟಾಗ ಸುತ್ತ ಏನಾಗುತ್ತಿದೆ ಅಂತ ಗೊತ್ತಾಗಲ್ಲ. ನಾವು ಇಬ್ಬರು ಹುಡುಗಿಯರು ಸರದಿ ಮಾಡಿಕೊಂಡಿದ್ದೆವು, ಒಬ್ಬಳು ನೋಡುವಾಗ ಇನ್ನೊಬ್ಬಳು ಬರೆದುಕೊಳ್ಳುತ್ತಿದ್ದಳು. ಲಿಂಗಾಂಬುಧಿಯಲ್ಲಿ ಜನ ಕಮ್ಮಿ ಇರುವ ಮೂಲೆಗಳಿಗೆ ಗುಂಪಿನ ಜೊತೆ ಮಾತ್ರ ಹೋಗು.

ಎರಡು, ಇದು ಓದಿನಿಂದ ಬೇರೆ ಅಂತ ಯಾಕೆ ಅಂದುಕೊಳ್ಳುತ್ತೀಯಾ? ಪಟ್ಟೆತಲೆ ಹೆಬ್ಬಾತು ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ನಮ್ಮ ಕಡೆ ಬರುತ್ತೆ. ಏಳು ಸಾವಿರ ಮೀಟರ್ ಎತ್ತರದಲ್ಲೂ ಹಾರಿದ್ದು ದಾಖಲಾಗಿದೆ. ಹೇಗೆ ಸಾಧ್ಯ? ಅದರ ಹಿಮೋಗ್ಲೋಬಿನ್ ಬೇರೆ ಬಾತುಗಳದ್ದಕ್ಕಿಂತ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿಯುತ್ತೆ, ಅಮೈನೋ ಆಮ್ಲದ ಕೆಲವೇ ಬದಲಾವಣೆಯಿಂದ. ಉಸಿರಾಟದ ಪಾಠದಲ್ಲಿ ರಕ್ತ ಆಮ್ಲಜನಕವನ್ನು ಎಷ್ಟು ಹಿಡಿಯುತ್ತೆ ಅಂತ ತೋರಿಸುವ ಆಕ್ಸಿಜನ್ ಕರ್ವ್ ಬರುತ್ತಲ್ಲ, ನನಗೆ ಅದು ತಲೆಗೆ ಹೋದದ್ದು ನಂಜನಗೂಡು ಕಡೆಯ ಹದಿನಾರು ಅನ್ನುವ ಊರಿನ ಕೆರೆಯ ದಂಡೆಯಲ್ಲಿ ಈ ಹೆಬ್ಬಾತು ನೋಡಿದ ಮೇಲೆ. ಎಂಎಸ್‌ಸಿ ಸಂದರ್ಶನದಲ್ಲಿ ನನ್ನ ನೋಟ್‌ಬುಕ್ ಬಗ್ಗೆ ಹತ್ತು ನಿಮಿಷ ಕೇಳಿದರು. ನೀನೂ ದಿನಾಂಕ, ಹೊತ್ತು, ಎಷ್ಟು ಹಕ್ಕಿ, ಏನು ಮಾಡುತ್ತಿತ್ತು ಎಲ್ಲ ಬರೆದಿಡು.

ಅಪ್ಪನಿಗೆ ಉತ್ತರ ಹೇಳುವ ಮೊದಲು ಅಪ್ಪನನ್ನೇ ಕೇಳು. ಹೊಲದಲ್ಲಿ ದುಡಿದವರಿಗೆ ನಮಗಿಂತ ಜಾಸ್ತಿ ಹಕ್ಕಿ ಗೊತ್ತಿರುತ್ತೆ, ಹೆಸರು ಬೇರೆ ಇರುತ್ತೆ ಅಷ್ಟೇ.

---

ಚೆಂಡುಹೂವು ಮತ್ತೆ ಬರೆದದ್ದು:

ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಮೂರು ವಾರ ಆಯಿತು, ಮಧ್ಯೆ ಇಂಟರ್ನಲ್ಸ್ ಇತ್ತು.

ಹಳೇಬ್ಯಾಗು ಅಣ್ಣ, ನಿಮ್ಮ 8x40 ನನ್ನ ಹತ್ತಿರ ಜೋಪಾನವಾಗಿದೆ. ಬಲಗಡೆ ಬಳೆ ತಿರುಗಿಸಿದ ಮೇಲೆ ಮೊದಲು ನೋಡಿದ್ದು ಕಲ್ಲಿನ ಮೇಲೆ ಕೂತಿದ್ದ ನೀರುಕಾಗೆ. ದಿನಾ ನೋಡುವ ಹಕ್ಕಿ, ಕಪ್ಪು ಅಂತ ಬರೆದುಕೊಂಡಿದ್ದೆ. ಅದರ ಕಣ್ಣು ಹಸಿರು. ನೀಲಿ ಬೆರೆತ ಹಸಿರು, ಗಾಜಿನ ಗೋಲಿ ಥರ. ಬೆನ್ನಿನ ಗರಿ ಒಂದೊಂದಕ್ಕೂ ಕಪ್ಪು ಅಂಚು. ಉದ್ದ ಕೊಕ್ಕು, ತುದಿಯಲ್ಲಿ ಕೊಕ್ಕೆ, ಹಾಗಾಗಿ ಅದು ಪುಟ್ಟ ನೀರುಕಾಗೆ ಅಲ್ಲ, ಇಂಡಿಯನ್ ಕಾರ್ಮೊರಂಟ್. ಒಂದು ವರ್ಷದಿಂದ ತಪ್ಪು ಬರೆಯುತ್ತಿದ್ದೆ, ಈಗ ಹಳೆಯ ಪಟ್ಟಿಯಲ್ಲಿ ಅನುಮಾನ ಇರೋದನ್ನೆಲ್ಲ ತೆಗೆದೆ. ಮಳಿ ಅವರೇ, ಬಾಯಿಯ ಗೆರೆಯೂ ಕಂಡಿತು, ಕೆರೆಯ ಆ ಮೂಲೆಯಲ್ಲಿ ನಿಲ್ಲೋದು ದೊಡ್ಡ ಬೆಳ್ಳಕ್ಕಿ. ಪತ್ತನಾಜೆ ಅವರೇ, ಈಗ ಹತ್ತೂವರೆಗೆ ಲೈಟ್ ಆರಿಸುತ್ತಿದ್ದೇನೆ.

ಸೂರಕ್ಕಿ ಅಕ್ಕ, ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ. ಹೊಲದ ಬದುವಿನಲ್ಲಿ ಕೂತು ಹೇಳಿದರು, ಬೇಸಿಗೆ ಮಳೆಗೆ ಉಳುವಾಗ ತೇನಕ್ಕಿ ತಲೆ ಮೇಲೆ ಟಿಟ್ಟಿಟ್ಟೀ ಅಂತ ಸುತ್ತುತ್ತಾ ಕೂಗಿದರೆ ಅಲ್ಲೇ ಎಲ್ಲೋ ಮೊಟ್ಟೆ ಇದೆ ಅಂತ ಅರ್ಥ. ಗೂಡು ಅಂತ ಏನೂ ಇರಲ್ಲ, ಬರೀ ಮಣ್ಣಿನ ಗುಳಿ, ಅದರಲ್ಲಿ ಹೆಂಟೆಯ ಬಣ್ಣದ್ದೇ ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ ಮಾಡಿ ಇಟ್ಟಿರುತ್ತೆ. ಅಜ್ಜ ಅಲ್ಲಿ ಒಂದು ಕಡ್ಡಿ ನೆಟ್ಟು, ಅಷ್ಟಗಲ ಜಾಗ ಬಿಟ್ಟು ಉಳುತ್ತಿದ್ದರಂತೆ. ಟ್ರ್ಯಾಕ್ಟರ್ ಬಂದ ಮೇಲೆ ಅಪ್ಪನೂ ಡ್ರೈವರ್‌ಗೆ ಹೇಳಿ ಬಿಡಿಸುತ್ತಾರಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ನಾನು ಕೊರಳಿನಿಂದ ಬೈನಾಕ್ಯುಲರ್ ತೆಗೆದು ಕೊಟ್ಟೆ. ತಂತಿ ಮೇಲೆ ಒಂದು ನೀಲಕಂಠ ಕೂತಿತ್ತು. ಅಪ್ಪ ತುಂಬಾ ಹೊತ್ತು ಇಳಿಸಲೇ ಇಲ್ಲ. ಆಮೇಲೆ "ಇದರ ಎದೆ ಮೇಲೆ ಗೆರೆ ಇರೋದು ನಾನು ನೋಡೇ ಇರಲಿಲ್ಲ" ಅಂದರು.

ಮುಂದಿನ ಶನಿವಾರ ಅಪ್ಪ ಹೂವು ಮಾರಿದ ಲೆಕ್ಕಕ್ಕೆ ಮೈಸೂರಿಗೆ ಬರುತ್ತಾರೆ. ಅವತ್ತೇ ಅಂಗಡಿಗೆ ಹೋಗುತ್ತೇವೆ. ಅಣ್ಣ, ಅಪ್ಪ ಕನ್ನಡಕ ಹಾಕುತ್ತಾರೆ, ಹಾಗಾದರೆ ಆ 15 ಮಿಮೀ ಲೆಕ್ಕ ನೋಡಿಯೇ ತಗೊಳ್ಳಬೇಕು ಅಲ್ವಾ? ಪೋರೋದಲ್ಲಿ ಅಂಥದ್ದು ನಿಮಗೆ ಗೊತ್ತಿದ್ದರೆ ಶುಕ್ರವಾರದೊಳಗೆ ಹೇಳಿ.